ಮೋರಿ ಪಕ್ಕದ ಇಪ್ಪತ್ತಾರು ಚೀಲ

ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನು ಕುಡಿಯುವುದು ನನ್ನ ರೂಢಿ. ಎಂಟನೆಯ ವಯಸ್ಸಿನಲ್ಲಿ ಮಠದ ಪ್ರಸಾದ ನಿಲಯಕ್ಕೆ ಸೇರಿದಾಗ ಕಲಿತದ್ದು. ಅಲ್ಲಿ ನಾಲ್ಕೂವರೆಗೆ ಗಂಟೆ ಬಾರಿಸುತ್ತಿದ್ದರು. ಐದಕ್ಕೆ ಸ್ನಾನ, ಐದೂವರೆಗೆ ಪೂಜೆ, ಆರಕ್ಕೆ ಅಂಗಳ ಗುಡಿಸುವುದು. ಊಟದ ಪಂಕ್ತಿಯಲ್ಲಿ ಯಾರಾದರೂ ಒಂದು ಅಗುಳು ಬಿಟ್ಟರೆ ಬಡಿಸುವ ಅಜ್ಜ ಬಂದು ಅವನ ಎದುರು ನಿಲ್ಲುತ್ತಿದ್ದ. ಬೈಯುತ್ತಿರಲಿಲ್ಲ. ಆ ಅಗುಳು ಹೊಟ್ಟೆ ಸೇರುವವರೆಗೆ ಸುಮ್ಮನೆ ನಿಂತಿರುತ್ತಿದ್ದ. ತಟ್ಟೆಗೆ ಬಂದದ್ದು ನಿನ್ನದು, ಮುಗಿಸುವ ಹೊಣೆಯೂ ನಿನ್ನದು ಎಂಬುದನ್ನು ಹಾಗೆ ನಿಂತೇ ಕಲಿಸಿದ.

ಅಷ್ಟು ಕಲಿತವನ ಮನೆಯ ಇಪ್ಪತ್ತಾರು ಚೀಲ ಅಡಿಕೆ ಸಿಪ್ಪೆ ರಸ್ತೆ ಬದಿಯ ಮೋರಿಗೆ ಬಿತ್ತು. ಅದರಿಂದ ಒಬ್ಬ ಹೆಂಗಸಿನ ಕಾಲು ಹೋಯಿತು. ಪೂರ್ತಿ ಹೋಗಲಿಲ್ಲ, ಆದರೆ ಕುರಿ ಹಿಂದೆ ದಿನವಿಡೀ ನಡೆಯುವವಳಿಗೆ ಬೇಕಾದಷ್ಟು ಉಳಿಯಲೂ ಇಲ್ಲ. ಇದನ್ನು ನಾನೇ ಬರೆದಿಡಬೇಕು. ಬೇರೆಯವರು ಬರೆದರೆ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಕೆಲವನ್ನು ಬಿಟ್ಟುಬಿಡುತ್ತಾರೆ.

ನಾನು ದೈಹಿಕ ಶಿಕ್ಷಣದ ಶಿಕ್ಷಕನಾಗಿದ್ದವನು. ಮೊದಲು ಜಗಳೂರು, ಆಮೇಲೆ ನ್ಯಾಮತಿ, ಹೊನ್ನಾಳಿ, ಕೊನೆಯ ಹನ್ನೊಂದು ವರ್ಷ ಚನ್ನಗಿರಿ ತಾಲ್ಲೂಕಿನ ನನ್ನದೇ ಊರಿನ ಶಾಲೆ. ಜಗಳೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಶೇಂಗಾ ಸಿಪ್ಪೆಯನ್ನೂ ಬುಟ್ಟಿಯಲ್ಲಿ ಕೂಡಿಟ್ಟು ನೀರೊಲೆಗೆ ಹಾಕುತ್ತಿದ್ದಳು. ಆ ಒಣ ನೆಲದಲ್ಲಿ ಎಸೆಯುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ನಮ್ಮ ಕಡೆ ಹಾಗಲ್ಲ. ನಾಲೆ ನೀರು ಬಂತು, ಭತ್ತದ ಗದ್ದೆ ಅಡಿಕೆ ತೋಟವಾಯಿತು, ಸುಲಿಯುವ ಯಂತ್ರ ಬಂತು. ಅಡಿಕೆ ಮಾರುಕಟ್ಟೆಗೆ ಹೋಗುತ್ತದೆ. ಸಿಪ್ಪೆ ಎಲ್ಲಿಗೆ ಹೋಗಬೇಕೆಂದು ಯಾರೂ ಯೋಚಿಸಲಿಲ್ಲ. ಅದು ರಸ್ತೆ ಬದಿಗೆ ಹೋಯಿತು. ಸುಗ್ಗಿ ಶುರುವಾದರೆ ಬಸವಾಪಟ್ಟಣದ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಎರಡೂ ಬದಿ ಸಿಪ್ಪೆಯ ದಿಬ್ಬ, ಅದಕ್ಕೆ ಯಾರೋ ಇಟ್ಟ ಬೆಂಕಿ, ದಾರಿ ಕಾಣದಷ್ಟು ಹೊಗೆ.

ನಿವೃತ್ತನಾದ ಮೇಲೂ ನನ್ನ ದಿನ ಬದಲಾಗಲಿಲ್ಲ. ಐದು ಗಂಟೆಗೆ ನಡಿಗೆ, ಆರಕ್ಕೆ ಸ್ನಾನ, ಪೂಜೆ, ಎಂಟಕ್ಕೆ ಅಂಗಳ ಗುಡಿಸಿ ನೀರು ಚಿಮುಕಿಸಿ ಮುಗಿದಿರಬೇಕು. "ಮೇಷ್ಟ್ರ ಅಂಗಳದಾಗೆ ಕಾಗೆನೂ ಕಾಲು ಒರೆಸ್ಕಂಡು ಕೂರ್ತೈತೆ" ಎಂದು ಊರಲ್ಲಿ ನಗುತ್ತಿದ್ದರು. ನನಗೆ ಅದು ಹೊಗಳಿಕೆಯಂತೆ ಕೇಳಿಸುತ್ತಿತ್ತು. ಹೊಗೆಯ ವಿಚಾರವಾಗಿ ಪಂಚಾಯಿತಿಗೆ ಅರ್ಜಿ ಬರೆದವನೂ ನಾನೇ. ಒಂದಲ್ಲ, ಮೂರು ಬರೆದೆ.

ಮೂರನೆಯ ಅರ್ಜಿಯ ನಂತರ ಗ್ರಾಮಸಭೆ ಕರೆದರು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಹೊಸದಾಗಿ ಬಂದಿದ್ದ ಹೆಣ್ಣುಮಗಳು; ಊರವರು ಪಿಡಿಒ ಮೇಡಂ ಎನ್ನುತ್ತಿದ್ದರು. ಮೈಕು ಕೆಟ್ಟಿತ್ತು. "ಸರ್, ನಿಮ್ಮ ದನಿ ಮೈದಾನಕ್ಕೆಲ್ಲ ಕೇಳಿಸುತ್ತೆ ಅಂತಾರೆ, ನೀವೇ ಓದಿಬಿಡಿ" ಎಂದು ನಿಯಮದ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ನಾನು ಎದ್ದು ನಿಂತು, ಕವಾಯತಿನ ದನಿಯಲ್ಲಿ ಓದಿದೆ. ರಸ್ತೆ, ಚರಂಡಿ, ಕೆರೆ, ನಾಲೆಯಲ್ಲಿ ತ್ಯಾಜ್ಯ ಸುರಿಯುವುದು ಅಪರಾಧ. ಬಯಲಿನಲ್ಲಿ ಸುಡುವುದೂ ಅಪರಾಧ. ತ್ಯಾಜ್ಯ ಯಾರ ಮನೆಯಲ್ಲಿ, ಯಾರ ಕಣದಲ್ಲಿ ಹುಟ್ಟಿತೋ ಅವರೇ ಅದಕ್ಕೆ ಹೊಣೆ. ಸಾಗಿಸುವವರ ಕೈಗೆ ಕೊಟ್ಟ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ. ಕೊನೆಯ ಸಾಲನ್ನು ಎರಡು ಸಲ ಓದಿದೆ. ಯಾರೂ ಹೇಳಿರಲಿಲ್ಲ, ನನಗೇ ಅದು ಇಷ್ಟವಾಗಿತ್ತು.

ಅದಾಗಿ ಒಂದು ತಿಂಗಳಿಗೆ ನಮ್ಮ ತೋಟದ ಕೊಯ್ಲು ಬಂತು. ನಮ್ಮದು ಎರಡು ಎಕರೆ. ಸುಲಿಯುವ ಯಂತ್ರವನ್ನು ಬಾಡಿಗೆಗೆ ತರಿಸಿ ಅಂಗಳದಲ್ಲೇ ಸುಲಿಸುತ್ತೇನೆ. ಬೇರೆಯವರು ಸಿಪ್ಪೆಯನ್ನು ಹಾಗೇ ಟ್ರೇಲರಿಗೆ ತುಂಬುತ್ತಾರೆ. ನನಗೆ ಅದು ಆಗದು. ದಾರಿಯುದ್ದಕ್ಕೂ ಉದುರುತ್ತದೆ. ಗೊಬ್ಬರದ ಖಾಲಿ ಚೀಲಗಳಲ್ಲಿ ತುಂಬಿ, ಹೆಂಡತಿಯ ಹಳೆಯ ಹಸಿರು ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಸ್ಕೌಟಿನಲ್ಲಿ ಕಲಿತ ಗಂಟು ಹಾಕಿ ಕಟ್ಟುತ್ತೇನೆ. ಆ ಸಲ ಇಪ್ಪತ್ತಾರು ಚೀಲವಾಯಿತು. ಗೋಡೆಗೆ ಸಾಲಾಗಿ ನಿಲ್ಲಿಸಿದೆ. ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಕಂಡವು.

ಅವು ತೋಟದ ಗುಂಡಿಗೆ ಹೋಗಬೇಕಿತ್ತು. ಅಲ್ಲಿ ಸಗಣಿ ಬೆರೆಸಿ ಕೊಳೆಸಿದರೆ ಮರುವರ್ಷಕ್ಕೆ ಗೊಬ್ಬರ. ಆದರೆ ಹಿಂದಿನ ವಾರ ಮಳೆ ಹೊಡೆದಿತ್ತು. ಟ್ರ್ಯಾಕ್ಟರಿನವನು ಸಂಜೆ ಬಂದು ಚೀಲ ಎಣಿಸಿ ತಲೆ ಕೆರೆದುಕೊಂಡ. ಅವನು ಮೂವತ್ತು ದಾಟಿದ ಮನುಷ್ಯ, ನನ್ನ ಹಳೆಯ ವಿದ್ಯಾರ್ಥಿ, ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ಊರಿನ ಸಾಗಾಣಿಕೆಯೆಲ್ಲ ಮಾಡುತ್ತಾನೆ.

"ತ್ವಾಟಕ್ಕೆ ಗಾಡಿ ಹೋಗಲ್ಲ ಮೇಷ್ಟ್ರೆ. ನಾಲೆ ಏರಿ ಮ್ಯಾಲೆ ಮೊಣಕಾಲುದ್ದ ಕೆಸರೈತೆ. ನಾಕು ದಿನ ಬಿಸ್ಲು ಬೀಳ್ಲಿ, ಹೊಡದು ಕೊಡ್ತೀನಿ."

"ನಾಲ್ಕು ದಿನ ಇಲ್ಲಿ ಇಟ್ಕಂಡು ಕೂರಾಕೆ ಆಗಲ್ಲ. ನಾಳೆ ಎಂಟಕ್ಕೆ ಎರಡನೇ ಸುತ್ತಿಗೆ ಯಂತ್ರ ಬರ್ತೈತೆ. ಅಂಗಳ ಖಾಲಿ ಬೇಕು."

"ಮತ್ತೆ ಎಲ್ಲಿಗೆ ಹಾಕ್ಲಿ ಹೇಳ್ರಿ?"

"ಅದು ನಿನಗೆ ಬಿಟ್ಟಿದ್ದು."

ಇಷ್ಟೇ ಮಾತು. ಈ ಮಾತನ್ನು ನಾನು ಬೇಕೆಂದೇ ಆರಿಸಿಕೊಂಡೆ ಎಂಬುದನ್ನು ಈಗ ಒಪ್ಪುತ್ತೇನೆ. ಅವನು ಎಲ್ಲಿ ಹಾಕುತ್ತಾನೆಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. "ಹಿತ್ತಲಿಗೆ ಸಾಗಿಸು, ಬಿಸಿಲು ಬಂದ ಮೇಲೆ ಒಯ್ಯು" ಎಂದಿದ್ದರೆ ಮುಗಿಯುತ್ತಿತ್ತು. ಹಿತ್ತಲಲ್ಲಿ ಜಾಗವಿತ್ತು. ಆದರೆ ಹಸಿ ಸಿಪ್ಪೆ ಎರಡನೆಯ ದಿನಕ್ಕೆ ನಾರುತ್ತದೆ, ನೊಣ ಮುತ್ತುತ್ತವೆ. ನನ್ನ ಅಂಗಳ, ನನ್ನ ಹಿತ್ತಲು, ನನ್ನ ಎಂಟು ಗಂಟೆ. ಬೆಳಗ್ಗೆ ನಡಿಗೆ ಮುಗಿಸಿ ಬಂದಾಗ ಗೋಡೆ ಬದಿ ಖಾಲಿಯಾಗಿತ್ತು. ಎಲ್ಲಿ ಹಾಕಿದೆ ಎಂದು ಕೇಳಲಿಲ್ಲ. ಅಂಗಳ ಗುಡಿಸಿ ನೀರು ಚಿಮುಕಿಸಿದೆ.

ಮೂರು ವಾರದ ಮೇಲೆ, ಯಾವತ್ತಿನ ದಾರಿ ಬಿಟ್ಟು ಕೆರೆಬಿಳಚಿ ಕಡೆಯ ರಸ್ತೆಯಲ್ಲಿ ನಡೆಯಲು ಹೋದೆ. ಊರಾಚೆಯ ಮೋರಿಯ ಪಕ್ಕ, ತಗ್ಗಿನಲ್ಲಿ, ನನ್ನ ಚೀಲಗಳಿದ್ದವು. ಅತ್ತಿತ್ತ ಬೇರೆಯವರ ಸಿಪ್ಪೆ ಕೆದರಿ ಬಿದ್ದಿತ್ತು. ನಡುವೆ ನನ್ನವು ಮಾತ್ರ ಬಾಯಿ ಕಟ್ಟಿಕೊಂಡು, ಹಸಿರು ಪಟ್ಟಿಯ ಸಮೇತ ಬಿದ್ದಿದ್ದವು. ಯಾರು ನೋಡಿದರೂ ಯಾರ ಮನೆಯದೆಂದು ಹೇಳಬಹುದಿತ್ತು. ಮೋರಿಯ ಎದುರಿಗೇ ಪಂಚಾಯಿತಿಯ ಹೊಸ ಫಲಕ ನಿಂತಿತ್ತು: ಇಲ್ಲಿ ತ್ಯಾಜ್ಯ ಸುರಿದವರಿಗೆ ದಂಡ ವಿಧಿಸಲಾಗುವುದು. ಅದರ ಒಕ್ಕಣೆಯನ್ನು ತಿದ್ದಿಕೊಟ್ಟವನು ನಾನು.

ತೋಟದ ದಾರಿ ಆಗ ಒಣಗಿತ್ತು, ಎರಡನೆಯ ಸುತ್ತಿನ ಸಿಪ್ಪೆ ಅಲ್ಲಿನ ಗುಂಡಿಗೇ ಹೋಗಿತ್ತು. ಟ್ರ್ಯಾಕ್ಟರಿನವನನ್ನು ಕರೆದು, ಎತ್ತಿಸಿ, ಗುಂಡಿಗೆ ಹಾಕಿಸಬಹುದಿತ್ತು. ಆದರೆ ಹಗಲಿನಲ್ಲಿ ಎತ್ತಿಸಿದರೆ ನೂರು ಜನ ನೋಡುತ್ತಾರೆ, ಗ್ರಾಮಸಭೆಯಲ್ಲಿ ಎರಡು ಸಲ ಓದಿದ ಸಾಲನ್ನು ನನಗೇ ಓದಿ ಹೇಳುತ್ತಾರೆ ಎನಿಸಿತು. ಮರುದಿನ ನಡಿಗೆಗೆ ಹೊರಡುವಾಗ ದೇವರ ಮನೆಯ ಗೂಡಿನಿಂದ ಬೆಂಕಿಪೊಟ್ಟಣ ತೆಗೆದು ಜೇಬಿಗೆ ಹಾಕಿಕೊಂಡೆ. ಅವಸರದಲ್ಲಿ ತಪ್ಪಾಯಿತು ಎಂದು ಹೇಳುವ ಹಾಗಿಲ್ಲ. ಒಂದು ಹಗಲು ಒಂದು ರಾತ್ರಿ ಯೋಚಿಸಿ ಮಾಡಿದ್ದು.

ಐದೂವರೆಗೆ ಹಚ್ಚಿದೆ. ಪ್ಲಾಸ್ಟಿಕ್ ಚೀಲ ಬೇಗ ಹಿಡಿಯಿತು. ಸೀರೆಯ ಪಟ್ಟಿಗಳು ಒಂದೊಂದಾಗಿ ಸುರುಟಿಕೊಂಡವು. ನನ್ನದೆಂಬ ಗುರುತು ಹೋಯಿತೆಂದು ಕಂಡ ಮೇಲೆ ಪೊಟ್ಟಣವನ್ನು ಮೋರಿಯ ನೀರಿಗೆ ಎಸೆದು ಮನೆಗೆ ಬಂದೆ. ಅಂದು ಪೂಜೆಗೆ ಐದು ನಿಮಿಷವೂ ತಡವಾಗಲಿಲ್ಲ.

ಅಡಿಕೆ ಸಿಪ್ಪೆ ಉರಿಯುವ ವಸ್ತುವಲ್ಲ, ಬೇಯುವ ವಸ್ತು. ಮೇಲಿನದು ಸುಟ್ಟು ಬೂದಿಯಾಗಿ ತಣ್ಣಗಾದಂತೆ ಕಾಣುತ್ತದೆ, ಒಳಗೆ ಕೆಂಡ ವಾರಗಟ್ಟಲೆ ಇರುತ್ತದೆ. ನಮ್ಮ ಕಡೆ ಅಡಿಕೆ ಸುಲಿಸುವವರಿಗೆಲ್ಲ ಇದು ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ದಿನ ಹೊಗೆ ಬಂತು. ಮೂರನೆಯ ದಿನ ಸಣ್ಣಗಾಯಿತು. ನಾಲ್ಕನೆಯ ದಿನ ಬರೀ ಬೂದಿ. ದಿನವೂ ಅದೇ ರಸ್ತೆಯಲ್ಲಿ ನಡೆದು ನೋಡಿಕೊಂಡು ಬರುತ್ತಿದ್ದೆ. ನಾನು ನೋಡುತ್ತಿದ್ದದ್ದು ಬೆಂಕಿ ಆರಿತೇ ಎಂದಲ್ಲ. ಚೀಲದ ಚೂರು ಏನಾದರೂ ಉಳಿಯಿತೇ ಎಂದು.

ಆ ದಾರಿಯಲ್ಲಿ ಬೆಳಗಿನ ಹೊತ್ತು ಕುರಿ ಹೊಡೆದುಕೊಂಡು ಹೋಗುವ ಹೆಂಗಸೊಬ್ಬಳು ಎದುರಾಗುತ್ತಿದ್ದಳು. ನಮ್ಮೂರಿನವಳೇ, ಐವತ್ತರ ಆಸುಪಾಸು, ಗಂಡನಿಲ್ಲ, ಮಗಳನ್ನು ಸಾಸ್ವೆಹಳ್ಳಿಗೆ ಕೊಟ್ಟಿದ್ದಾಳೆ. ನಲವತ್ತು ಕುರಿಗಳ ಮಂದೆ ಅವಳದು. ಬೇಸಿಗೆಯಲ್ಲಿ ನಮ್ಮ ತೋಟದ ಪಕ್ಕದ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದಳು, ಹೊಲಕ್ಕೆ ಗೊಬ್ಬರವಾಗುತ್ತಿತ್ತು. ನನ್ನನ್ನು ಕಂಡರೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಮುಗಿಯುತ್ತಿದ್ದಳು. "ನಮಸ್ಕಾರ ಮೇಷ್ಟ್ರೆ. ಕುರಿಗಿಂತ ಮುಂಚೆ ಎದ್ದೀರಲ್ಲ!" ಆ ನಾಲ್ಕು ದಿನವೂ ಹೀಗೇ ಹೇಳಿದಳು. ನಾನೂ ನಕ್ಕು ಮುಂದೆ ನಡೆದೆ.

ಐದನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಕೂಗು ಕೇಳಿತು. ಮರಿಯೊಂದು ಬೂದಿಯ ಕಡೆ ಹಾರಿತ್ತು. ಅದನ್ನು ಹಿಡಿಯಲು ಹೋದವಳ ಬಲಗಾಲು ಬೂದಿಯಲ್ಲಿ ಕಾಲ ಗಿಣ್ಣಿನವರೆಗೆ ಇಳಿದು ಸಿಕ್ಕಿಕೊಂಡಿತು. ರಬ್ಬರ್ ಚಪ್ಪಲಿ ಕರಗಿ ಅಂಗಾಲಿಗೆ ಅಂಟಿತ್ತು. ಮರಿ ಅದರ ಪಾಡಿಗೆ ಆಚೆ ದಾಟಿ ಮೇಯುತ್ತಿತ್ತು. ನಾನು ಓಡಿದೆ. ಪ್ರಥಮ ಚಿಕಿತ್ಸೆ ಮೂವತ್ತು ವರ್ಷ ಕಲಿಸಿದ ವಿದ್ಯೆ. ಜನರನ್ನು ಹಿಂದೆ ಸರಿಸಿ, ಕೊಡಪಾನ ತರಿಸಿ, ಕಾಲಿಗೆ ತಣ್ಣೀರು ಸುರಿಸುತ್ತಲೇ ಇದ್ದೆ. ಅರಿಶಿನ ತಂದವರನ್ನು ಗದರಿಸಿದೆ. ಒದ್ದೆ ಬಟ್ಟೆ ಹೊದಿಸಿ, ಆಟೋದಲ್ಲಿ ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಚನ್ನಗಿರಿಯ ಆಸ್ಪತ್ರೆಗೆ ಕರೆದೊಯ್ದೆ. ಎಲ್ಲವನ್ನೂ ಸರಿಯಾದ ಕ್ರಮದಲ್ಲಿ ಮಾಡಿದೆ.

ದಾರಿಯಲ್ಲಿ ಅವಳು ಹಲ್ಲು ಕಚ್ಚಿಕೊಂಡೇ ಮಾತಾಡಿದಳು. "ನಿಮ್ಮಂಥೋರು ಇರಾದ್ರಿಂದ ಮಳೆ ಬೆಳೆ ಆಗ್ತೈತೆ ಮೇಷ್ಟ್ರೆ. ಹಚ್ಚಿದೋನ ಕೈ ಸೇದಿ ಹೋಗ್ಲಿ."

ಅವಳ ಹಿಮ್ಮಡಿ ನನ್ನ ಅಂಗೈಯಲ್ಲಿತ್ತು.

ಮಾರನೆಯ ದಿನ ಪಿಡಿಒ ಮೇಡಂ ಮೋರಿಯ ಬಳಿ ಬಂದರು. ಊರೇ ನೆರೆದಿತ್ತು. ಸಿಪ್ಪೆ ಸುರಿದ ಟ್ರ್ಯಾಕ್ಟರನ್ನು ನೋಡಿದವರಿದ್ದರು, ಅವನನ್ನು ಕರೆಸಿದರು. ನೀರು ಹಾಯಿಸಿ ಬೂದಿ ಕೆದಕಿದಾಗ ಅಡಿಯಿಂದ ಅರ್ಧ ಬೆಂದ ಒಂದು ಚೀಲ ಎದ್ದು ಬಂತು. ಬಾಯಿ ಕಟ್ಟಿದ ಭಾಗ ನೆಲಕ್ಕೆ ಒತ್ತಿಕೊಂಡಿದ್ದರಿಂದ ಸುಟ್ಟಿರಲಿಲ್ಲ. ಹಸಿರು ಪಟ್ಟಿ, ನನ್ನ ಗಂಟು.

"ಯಾರ ಮನೆ ಸಿಪ್ಪೆ ಇದು?" ಎಂದು ಮೇಡಂ ಕೇಳಿದರು.

ಟ್ರ್ಯಾಕ್ಟರಿನವನು ನನ್ನನ್ನು ನೋಡಿದ. ನಾನು ಚೀಲವನ್ನು ನೋಡಿದೆ.

"ಏಳೆಂಟು ಮನೇದು ಹೊಡೀತೀನ್ರೀ ಮೇಡಂ. ಯಾರದು ಅಂತ ನೆನಪಿಲ್ಲ. ಸುರಿದಿದ್ದು ನಾನೇ. ಬೆಂಕಿ ಮಾತ್ರ ನಾನು ಹಚ್ಚಿಲ್ಲ, ನನ್ನ ತಾಯಾಣೆ."

"ನೆನಪಿಲ್ಲ ಅಂತೆ!" ಎಂದ ಗುಂಪಿನಲ್ಲೊಬ್ಬ. "ಗಂಟು ನೋಡ್ರೋ, ಮದುಮಗನಿಗೆ ಬಾಸಿಂಗ ಕಟ್ಟಿದಂಗೈತೆ. ಸಿಪ್ಪೆಗೂ ಇಷ್ಟು ಸಿಂಗಾರ ಮಾಡೋ ಪುಣ್ಯಾತ್ಮ ಯಾರಪ್ಪ?" ಜನ ನಕ್ಕರು. ನಾನೂ ನಗುವಂತೆ ತುಟಿ ಅಗಲಿಸಿದೆ.

ಸ್ಥಳ ಮಹಜರು ಬರೆಯಬೇಕಿತ್ತು. ಪಂಚಾಯಿತಿಯ ಗುಮಾಸ್ತ ರಜೆಯಲ್ಲಿದ್ದ. "ಸರ್, ನಿಮ್ಮ ಅಕ್ಷರ ಮುತ್ತಿನ ಹಾಗಿದೆ, ನೀವು ಬರೀರಿ, ನಾನು ಹೇಳ್ತೀನಿ" ಎಂದರು ಮೇಡಂ. ಮೋರಿಯ ಕಟ್ಟೆಯ ಮೇಲೆ ಕೂತು, ಹಾಳೆಯ ಅಂಚು ಮಡಿಸಿ, ಬರೆದೆ. "ಟ್ರ್ಯಾಕ್ಟರ್ ಚಾಲಕರು ಸದರಿ ಸ್ಥಳದಲ್ಲಿ ಅಡಿಕೆ ಸಿಪ್ಪೆ ಸುರಿದು, ತದನಂತರ ಬೆಂಕಿ ಹಚ್ಚಿರುವುದಾಗಿ ಸ್ಥಳೀಯರಿಂದ ತಿಳಿದುಬಂದಿರುತ್ತದೆ." ಒಂದು ಅಕ್ಷರವೂ ಓರೆಯಾಗಲಿಲ್ಲ. ಸಾಕ್ಷಿಗಳ ಸಾಲಿನಲ್ಲಿ ಮೊದಲ ರುಜು ನನ್ನದು. ವಿಚಾರಣೆ ಮುಗಿಯುವವರೆಗೆ ಟ್ರ್ಯಾಕ್ಟರ್ ಪಂಚಾಯಿತಿಯ ಮುಂದೆ ನಿಲ್ಲಬೇಕೆಂದಾಯಿತು. ಸುಗ್ಗಿಯಲ್ಲಿ ಟ್ರ್ಯಾಕ್ಟರ್ ನಿಂತರೆ ಅವನ ಮನೆಯ ಒಲೆಯೂ ನಿಂತ ಹಾಗೆ. ಅವನು ಕೀಲಿಕೈಯನ್ನು ಪಂಚಾಯಿತಿಯ ಮೇಜಿನ ಮೇಲಿಟ್ಟು ಮನೆಗೆ ನಡೆದ.

ಬಯಲಿನಲ್ಲಿ ಸುಟ್ಟದ್ದರಿಂದ ಒಬ್ಬಳಿಗೆ ಗಾಯವಾಗಿದೆ, ಪೊಲೀಸರಿಗೂ ದೂರು ಕೊಡಬಹುದು ಎಂದು ಮೇಡಂ ಆಸ್ಪತ್ರೆಗೆ ಹೋಗಿ ಅವಳಿಗೆ ತಿಳಿಸಿದರಂತೆ. "ಠಾಣೆ ಮೆಟ್ಲು ಹತ್ತಾಕೆ ಕಾಲೆಲ್ಲೈತೆ ಮೇಡಂ?" ಎಂದಳಂತೆ ಅವಳು. ಊರಲ್ಲಿ ಈ ಮಾತನ್ನು ಹೇಳಿ ಹೇಳಿ ನಗುತ್ತಿದ್ದರು.

ಮೂರು ದಿನ ಕಳೆಯಿತು. ನನ್ನ ಗಡಿಯಾರ ನಡೆಯುತ್ತಲೇ ಇತ್ತು. ನಡಿಗೆ, ಸ್ನಾನ, ಪೂಜೆ, ಅಂಗಳ. ಮೂರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ತಟ್ಟೆಗೆ ನೀರು ಹಾಕಿದ್ದೆ. ಹೆಂಡತಿ ಎದುರಿಗೆ ಬಂದು ನಿಂತಳು.

"ರೀ, ನನ್ನ ಸೀರೆ ಚೂರು ಪಂಚಾಯ್ತಿ ಮೇಜಿನ ಮ್ಯಾಲೈತಂತೆ."

ನಾನು ತಟ್ಟೆ ಹಿಡಿದುಕೊಂಡೇ ಇದ್ದೆ.

"ನೋಡಿದೋರು ಹೇಳಿದ್ರು. ಹಸಿರಿಗೆ ಅರಿಶಿನ ಅಂಚು. ಸಿಪ್ಪೆ ಅವನು ಎಲ್ಲೋ ಸುರಿದಾನೆ, ಅದು ನಂಗೆ ಅವತ್ತೇ ಗೊತ್ತಾತು. ಕೇಳಿದ್ರೆ ನೀವು ಬೈತೀರಿ ಅಂತ ಸುಮ್ಮನಾದೆ. ಹಚ್ಚಿದ್ದು ಯಾರು?"

"ಯಾರಿಗೆ ಗೊತ್ತು?"

"ದೇವರ ಮನೆ ಬೆಂಕಿಪೊಟ್ಟಣ ಎಲ್ರೀ? ಎರಡು ದಿನ ಹುಡುಕೀನಿ. ನಲವತ್ತು ವರ್ಷದ ಸಂಸಾರದಾಗೆ ಒಂದು ಸೂಜಿ ಜಾಗ ಬದಲಾಗಿಲ್ಲ. ನೀವು ಬದಲಾಗಾಕೆ ಬಿಟ್ಟಿಲ್ಲ."

ಅವಳು ಅಲ್ಲಿಂದ ಕದಲಲಿಲ್ಲ. ಪ್ರಸಾದ ನಿಲಯದ ಅಜ್ಜನ ಹಾಗೆ ನಿಂತೇ ಇದ್ದಳು. ತಟ್ಟೆಯ ನೀರಿನಲ್ಲಿ ನಾಲ್ಕು ಅಗುಳು ತೇಲುತ್ತಿದ್ದವು. ನನಗೆ ಕುಡಿಯಲಾಗಲಿಲ್ಲ. "ನಾನೇ" ಎಂದೆ.

"ಹಂಗಾರೆ ಏಳ್ರಿ" ಎಂದಳು.

ಪಂಚಾಯಿತಿಗೆ ಹೋಗಿ ಮೇಡಂ ಎದುರಿಗೆ ಕೂತು ಹೇಳಿಕೆ ಬರೆದುಕೊಟ್ಟೆ. ಸಿಪ್ಪೆ ನನ್ನದು, ಎಲ್ಲಾದರೂ ಹಾಕೆಂದು ಅವಸರಪಡಿಸಿದವನು ನಾನು, ಗುರುತು ಅಳಿಸಲು ಬೆಂಕಿ ಹಚ್ಚಿದವನು ನಾನು, ಮಹಜರಿನಲ್ಲಿ ಸುಳ್ಳೆಂದು ತಿಳಿದೂ ಬರೆದು ರುಜು ಹಾಕಿದವನು ನಾನು. ಅದೇ ಮುತ್ತಿನ ಅಕ್ಷರ. ಮೇಡಂ ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಸರ್, ಸಭೆಯಲ್ಲಿ ಓದಿದವರು ನೀವೇ ಅಲ್ವಾ?"

"ಹೌದು."

"ಕೊನೇ ಸಾಲು ಎರಡು ಸಲ ಓದಿದ್ರಿ. ನಾನು ಮನೆಗೆ ಹೋಗಿ ನಮ್ಮಮ್ಮನಿಗೆ ಹೇಳಿದ್ದೆ, ಇಂಥವರು ಊರಿಗೊಬ್ಬರಿದ್ರೆ ಸಾಕು ಅಂತ."

ಅವರು ನನ್ನನ್ನು ಸುಮ್ಮನೆ ಬಿಡಲಿಲ್ಲ, ಅದಕ್ಕೆ ಈಗಲೂ ಅವರ ಮೇಲೆ ಗೌರವವಿದೆ. ಸುರಿದದ್ದಕ್ಕೆ ಚಾಲಕನಿಗೊಂದು, ಸಿಪ್ಪೆಯ ಒಡೆಯನಾಗಿದ್ದಕ್ಕೂ ಸುಟ್ಟದ್ದಕ್ಕೂ ನನಗೊಂದು ನೋಟಿಸು ಬಂತು. ಸುಳ್ಳು ಮಹಜರಿನ ವಿಚಾರವನ್ನು ಮೇಲಿನವರಿಗೆ ಬರೆದರು. ನನ್ನನ್ನೂ ಕರೆಸಿ ಕೇಳಿದರು. ದಂಡ ಕಟ್ಟಿದೆ. ಟ್ರ್ಯಾಕ್ಟರ್ ಬಿಡುಗಡೆಯಾಯಿತು. ಕಾನೂನಿನ ಕೆಲಸಕ್ಕೆ ಒಂದು ಕೊನೆಯಿರುತ್ತದೆ, ರಸೀತಿ ಸಿಗುತ್ತದೆ. ಅದು ನನ್ನಂಥವನಿಗೆ ಒಗ್ಗುವ ವ್ಯವಹಾರ.

ಕೀಲಿಕೈ ತೆಗೆದುಕೊಳ್ಳಲು ಬಂದ ಟ್ರ್ಯಾಕ್ಟರಿನವನಿಗೆ, ತಪ್ಪಾಯಿತು ಕಣಪ್ಪ ಎಂದೆ. ಅವನು ಟೈರು ಒದ್ದು ಗಾಳಿ ನೋಡುತ್ತಿದ್ದ.

"ಅವತ್ತು ನೀವು ಬರೀತಿದ್ರಲ್ಲ ಮೇಷ್ಟ್ರೆ, ನಾನು ನಿಮ್ಮ ಪೆನ್ನೇ ನೋಡ್ತಿದ್ದೆ. ಈಗ ನಿಲ್ತೈತೆ, ಈಗ ನಿಲ್ತೈತೆ ಅಂತ. ನಿಲ್ಲಲೇ ಇಲ್ಲ."

"ನನ್ನ ಹೆಸರು ಹೇಳಬಹುದಿತ್ತಲ್ಲ ನೀನು?"

"ಹೇಳ್ಬಹುದಿತ್ತು. ನೀವೇ ಹೇಳ್ತೀರಿ ಅಂದ್ಕಂಡೆ." ಗಾಡಿ ಹತ್ತಿ ಕೂತ. "ಮುಂದಿನ ವರ್ಷ ಸಿಪ್ಪೆ ಹೊಡಿಯಾಕೆ ಬ್ಯಾರೆ ಯಾರನ್ನಾದ್ರೂ ನೋಡ್ಕಳ್ರಿ."

ಉಳಿದದ್ದು ಅವಳಿಗೆ ಹೇಳುವುದು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಸಾಸ್ವೆಹಳ್ಳಿಯ ಮಗಳ ಮನೆಯಲ್ಲಿದ್ದಳು. ಹೆಂಡತಿಯೂ ನಾನೂ ಬಸ್ಸಿನಲ್ಲಿ ಹೋದೆವು. ಪಡಸಾಲೆಯಲ್ಲಿ ಮಡಿಸಿದ ಕಂಬಳಿಯ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳು. ಸುದ್ದಿ ಅಲ್ಲಿಗಿನ್ನೂ ಮುಟ್ಟಿರಲಿಲ್ಲ. ನನ್ನನ್ನು ಕಂಡು ಏಳಲು ನೋಡಿದಳು.

ನಿಂತುಕೊಂಡೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಯಾವ ಹೊತ್ನಾಗೆ ಹಚ್ಚಿದ್ರಿ?"

"ಬೆಳಗ್ಗೆ ಐದೂವರೆಗೆ."

"ಆಮ್ಯಾಲೆ ನಾಕು ದಿನ ಆ ದಾರೀಲಿ ನೀವು ತಿರುಗಾಡಿದ್ರಿ. ನಾನೂ ಎದುರಿಗೆ ಬಂದೆ. ನಮಸ್ಕಾರ ಅಂದೆ."

"ಹೂಂ."

"ಅಲ್ಲಿ ಬೆಂಕಿ ಐತೆ ಕಣವ್ವ, ಅತ್ಲಾಗೆ ಕುರಿ ಬಿಡಬ್ಯಾಡ. ಇಷ್ಟು ಹೇಳಾಕೆ ಎಷ್ಟು ಹೊತ್ತು ಬೇಕು ಮೇಷ್ಟ್ರೆ?"

"ಆರಿ ಹೋಗಿದೆ ಅಂದುಕೊಂಡೆ."

"ಅಂದ್ಕಂಡ್ರಿ" ಎಂದಳು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಸೇದಿ ಹೋಗಲಿ ಎಂದು ಆಟೋದಲ್ಲಿ ಶಪಿಸಿದ್ದು ಅವಳಿಗೆ ನೆನಪಾಯಿತೋ ಏನೋ, ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು.

ಮಂದೆಯ ಮಾತು ಬಂತು. ಅಳಿಯ ಮೂವತ್ತೆರಡು ಕುರಿಗಳನ್ನು ಸಂತೆಗೆ ಹೊಡೆದಿದ್ದ. ಎಂಟು ಉಳಿದಿದ್ದವು. ಅಂಗಾಲಿನ ಚರ್ಮ ಎಳೆದುಕೊಂಡಿದೆ, ದಿನವಿಡೀ ನಡೆಯುವ ಕೆಲಸ ಇನ್ನಾಗದು ಎಂದು ವೈದ್ಯರು ಹೇಳಿದ್ದರು. ಉಳಿದವನ್ನು ನಾನು ಮೇಯಿಸಿಕೊಂಡು ಬರುತ್ತೇನೆ ಎಂದೆ. ನಿಜವಾಗಿಯೇ ಹೇಳಿದೆ, ಬೆಳಗ್ಗೆ ಎಂಟರ ಮೇಲೆ ನನಗೆ ಸಮಯವಿತ್ತು.

ಮೊದಲ ಸಲ ಅವಳ ಮುಖದಲ್ಲಿ ನಗು ಬಂತು, ಆದರೆ ಒಳ್ಳೆಯ ನಗುವಲ್ಲ. "ನಿಮ್ಮ ಪೀಪಿ ಊದಿದ್ರೆ ಕುರಿ ಸಾಲಾಗಿ ನಿಲ್ತಾವೇನ್ರೀ? ಬ್ಯಾಡ. ನೀವು ನಿಮ್ಮ ಸಿಪ್ಪೆ ನೋಡ್ಕಳ್ರಿ."

ಅವಳು ಹೇಳಿದಂತೆ ಮಾಡಿದೆ. ಮುಂದಿನ ಸುಗ್ಗಿಗೆ ಮೊದಲೇ ಹಿತ್ತಲ ಮೂಲೆಯಲ್ಲಿ, ಕುಡಿಯುವ ನೀರಿನ ತೊಟ್ಟಿಯಿಂದ ದೂರ, ಎದೆಮಟ್ಟದ ಗುಂಡಿ ತೆಗೆಸಿದೆ. ಒಂದು ಪದರ ಸಿಪ್ಪೆ, ಒಂದು ಪದರ ಸಗಣಿ, ಮೇಲೆ ಮಣ್ಣು. ನೊಣ ಬಂದವು. ಬರಲಿ ಎಂದು ಬಿಟ್ಟೆ. ಎಂಟು ಗಂಟೆಯ ಅಂಗಳದಲ್ಲಿ ಈಗ ಸಿಪ್ಪೆಯ ವಾಸನೆಯಿರುತ್ತದೆ. ಕಾಗೆ ಕಾಲು ಒರೆಸದೆ ಕೂರುತ್ತದೆ.

ಅಷ್ಟರಲ್ಲಿ ಅವಳು ಊರಿಗೆ ಮರಳಿದ್ದಳು. ಎಂಟು ಕುರಿಗಳನ್ನು ಊರ ಸುತ್ತಲೇ, ಬಲಗಾಲು ಎಳೆದು ಹಾಕುತ್ತ ಮೇಯಿಸುತ್ತಾಳೆ. ನಮ್ಮ ಗೇಟಿನ ಮುಂದೆ ಹಾದು ಹೋಗುವಾಗ ಈಗ ನಮಸ್ಕಾರ ಹೇಳುವುದಿಲ್ಲ. "ಮೇಷ್ಟ್ರೆ, ಸಿಪ್ಪೆ ಎಲ್ಲಿಗೋತು?" ಎಂದು ಬೀದಿಗೆಲ್ಲ ಕೇಳುವಂತೆ ಕೇಳುತ್ತಾಳೆ. ಮೊದಲೆರಡು ದಿನ ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡಿದರು. ನಾನು ಎದ್ದು ಗೇಟಿನವರೆಗೆ ಹೋಗಿ, "ಹಿತ್ತಲ ಗುಂಡಿಗೆ ಕಣವ್ವ" ಎನ್ನುತ್ತೇನೆ. ಅವಳು ಮುಂದೆ ಹೋಗುತ್ತಾಳೆ. ಮರುದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಕೇಳುವುದು ಅವಳ ಹಕ್ಕೆಂದು ನಾನೂ ಒಪ್ಪಿದ್ದೇನೆ.

ಮೊನ್ನೆ ಮಾತ್ರ ಉತ್ತರ ಕೇಳಿ ಮುಂದೆ ಹೋಗಲಿಲ್ಲ. "ತೋರ್ಸ್ರಿ" ಎಂದಳು.

ಹಿತ್ತಲಿಗೆ ಕರೆದೊಯ್ದೆ. ಗುಂಡಿ ಮುಕ್ಕಾಲು ತುಂಬಿತ್ತು. ಮೇಲಿನ ಮಣ್ಣು ಸರಿಸಿ ತನ್ನ ಕೋಲನ್ನು ಆಳಕ್ಕೆ ಚುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ಎಳೆದು ತುದಿಯನ್ನು ಅಂಗೈಗೆ ಒತ್ತಿಕೊಂಡಳು. ಅವಳ ಮುಖ ಬಿಗಿಯಾಯಿತು.

"ಬಿಸಿ ಐತೆ."

"ಅದು ಬೆಂಕಿಯಲ್ಲ ಕಣವ್ವ. ಸಗಣಿ ಜತೆ ಸಿಪ್ಪೆ ಕೊಳೆಯುವಾಗ ಕಾವು ಬರ್ತೈತೆ. ಕೊಟ್ಟಿಗೆ ತಿಪ್ಪೇಲೂ ಬರ್ತೈತೆ, ನಿಂಗೂ ಗೊತ್ತಿರೋದೇ. ಒಳಗೆ ಕೆಂಡ ಇಲ್ಲ."

"ಇಲ್ಲ ಅಂತ ನೀವು ಹೇಳ್ತೀರಿ."

ನನ್ನಲ್ಲಿ ನಿಯಮ ಓದಿ ಹೇಳುವ ದನಿಯಿತ್ತು, ಮುತ್ತಿನ ಅಕ್ಷರವಿತ್ತು. ಎರಡನ್ನೂ ಅವಳು ಬಲ್ಲಳು. ಗುಂಡಿಯ ಅಂಚಿನಲ್ಲಿ ಕೂತು ಬಲಗಾಲಿನ ಕ್ಯಾನ್ವಾಸ್ ಬೂಟು ಬಿಚ್ಚಿದೆ. ಕಾಲುಚೀಲವನ್ನು ಮಡಿಸಿ ಬೂಟಿನೊಳಗೆ ಇಟ್ಟೆ. ಅವಳ ಕೋಲು ಮಾಡಿದ ತೂತಿನ ಪಕ್ಕದಲ್ಲೇ ಪಾದವಿಟ್ಟು ಭಾರ ಬಿಟ್ಟೆ. ಹಿಮ್ಮಡಿ ಇಳಿಯಿತು, ಗಿಣ್ಣು ಇಳಿಯಿತು, ಕಣಕಾಲಿನವರೆಗೆ ಸಿಪ್ಪೆ ಸುತ್ತಿಕೊಂಡಿತು. ಬಿಸಿಯಿತ್ತು. ಸುಡುವ ಬಿಸಿಯಲ್ಲ, ಆದರೆ ಒಳಗೇನಿದೆಯೋ ಎಂಬ ಹೆದರಿಕೆಗೆ ಸಾಕಾಗುವಷ್ಟು ಬಿಸಿ. ಅಂಗಾಲು ತಾನಾಗಿ ಮೇಲೆ ಬರಲು ಎಳೆಯಿತು. ಬಿಡಲಿಲ್ಲ.

ಅವಳು ಕೋಲೂರಿಕೊಂಡು ನನ್ನ ಕಾಲನ್ನೇ ನೋಡುತ್ತ ನಿಂತಳು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಬಂದು ನಿಂತದ್ದು ಕಂಡಿತು. ಎಂಟು ಕುರಿಗಳು ತೆರೆದಿದ್ದ ಗೇಟಿನಿಂದ ಅಂಗಳಕ್ಕೆ ನುಗ್ಗಿ ಹಿಕ್ಕೆ ಉದುರಿಸುತ್ತಿದ್ದವು. ಅವನ್ನು ಹೊರಗೆ ಅಟ್ಟಬೇಕೆಂದು ಯಾರಿಗೂ ಅನಿಸಲಿಲ್ಲ. ಸಾಕು ಎಂದು ಅವಳು ಹೇಳುತ್ತಾಳೇನೋ ಎಂದು ಕಾದೆ. ಹೇಳಲಿಲ್ಲ. ನಾನು ಕಾಲು ತೆಗೆಯಲಿಲ್ಲ.